ಬದುಕಿದವನ ದಾರಿಗುಡಿ

ಫೆಬ್ರವರಿ 15, ಶನಿವಾರ

ಇವತ್ತು ಬೆಳಗ್ಗೆ ನಾನು ಹೋಗುವ ಮೊದಲೇ ದೀಪ ಉರಿಯುತ್ತಿತ್ತು.

ಗುಡಿಯ ಗಾಜಿನ ಬಾಗಿಲು ತೆಗೆದು ನೋಡಿದೆ. ನಾವು ಹಾಕುವುದು ಬಿಳಿ ಬತ್ತಿ, ಅಮ್ಮ ಸೂಪರ್ ಮಾರ್ಕೆಟ್ಟಿನಿಂದ ತರುವುದು. ಇದು ಹಳದಿ ಮೇಣ ಸವರಿದ್ದು, ಚರ್ಚಿನ ಅಂಗಡಿಯದು. ಎಣ್ಣೆಯನ್ನೂ ಯಾರೋ ತುಂಬಿದ್ದರು. ಲಾಜರೊಸ್ ಸಂತನ ಪಟಕ್ಕೆ ಒರಗಿಸಿ ಒಂದು ಫೋಟೋ ಇಟ್ಟಿದ್ದರು. ತಲೆ ನರೆಯುತ್ತಿರುವ ಗಂಡಸು, ಸಮುದ್ರದ ದಡದಲ್ಲಿ ಕಲ್ಲಂಗಡಿ ಹೋಳು ಹಿಡಿದುಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದಾನೆ.

ಯಾರೆಂದು ಗೊತ್ತಾಯಿತು. ಅಕ್ಟೋಬರಿನಲ್ಲಿ ಇದೇ ಜಾಗದಲ್ಲಿ ತೀರಿಕೊಂಡವರು. ಬಾಲ್ಕನಿಗಳಿಗೆ ಬಿಸಿಲ ಪರದೆ ಕಟ್ಟುತ್ತಿದ್ದವರಂತೆ. ಅವರ ವ್ಯಾನು ಕಾಂಕ್ರೀಟ್ ತಡೆಗೋಡೆಗೆ ಬಡಿಯಿತು. ನನ್ನ ತಮ್ಮನ ಬೈಕು ಅಲ್ಲೇ ಬಿದ್ದಿತ್ತು. ಅವರು ಹೋದರು, ತಮ್ಮ ಲಾಜರೊಸ್ ಉಳಿದ. ಅದಕ್ಕೇ ಅಮ್ಮ ಹರಕೆ ಹೊತ್ತು ಈ ದಾರಿಗುಡಿ ನಿಲ್ಲಿಸಿದ್ದು. ಕಬ್ಬಿಣದ ಕಾಲಿನ ಮೇಲೆ ನೀಲಿ ತಗಡಿನ ಗುಡಿ, ಒಂದು ಪಟ, ಒಂದು ದೀಪ. ಸತ್ತವರಿಗೂ ಇಂಥದನ್ನೇ ನಿಲ್ಲಿಸುತ್ತಾರೆ, ಉಳಿದವರಿಗೂ ಇಂಥದನ್ನೇ. ರಸ್ತೆಯಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ.

ನನ್ನ ಬತ್ತಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತೆ. ಗುಡಿಯ ಬೆನ್ನಿಗೆ ಪೈನ್ ಕಾಡು, ಮುಂದೆ ರಿಂಗ್ ರೋಡ್. ಮೇಲ್ಸೇತುವೆಯ ಕೆಲಸ ಶುರುವಾದ ಮೇಲೆ ಲೇನುಗಳು ಕಡಿಮೆಯಾಗಿವೆ. ಲಾರಿ, ಕಾರು, ಬೈಕು ಒಂದನ್ನೊಂದು ಉಜ್ಜಿಕೊಂಡು ಹೋಗುತ್ತವೆ. ಕೆಲವು ಚಾಲಕರು ಗುಡಿ ಕಂಡೊಡನೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಅವರೆಲ್ಲ ನನ್ನ ತಮ್ಮ ಸತ್ತಿದ್ದಾನೆಂದು ತಿಳಿದಿರಬೇಕು. ನನಗೆ ಏನೂ ಅನ್ನಿಸಲಿಲ್ಲ. ಈಚೆಗೆ ಏನೂ ಅನ್ನಿಸುವುದಿಲ್ಲ.

ಮನೆಗೆ ಬಂದಾಗ ಅಮ್ಮ ಕೇಳಿದಳು, "ಹಚ್ಚಿದ್ಯಾ?"

"ಉರೀತಿದೆ."

ಅಮ್ಮ ಹರಕೆ ಹೊತ್ತವಳು, ಆದರೆ ಒಮ್ಮೆಯೂ ಅಲ್ಲಿಗೆ ಬಂದಿಲ್ಲ. ಮಂಡಿನೋವು ಅನ್ನುತ್ತಾಳೆ. ಮಾರುಕಟ್ಟೆಗೆ ಹೋಗುವಾಗ ಆ ಮಂಡಿ ನೋಯುವುದಿಲ್ಲ.

ಫೆಬ್ರವರಿ 18, ಮಂಗಳವಾರ

ಥೆಯಾನೊ ದೊಡ್ಡಮ್ಮ ಬಂದಿದ್ದಳು. ಲಾಜರೊಸ್‌ನ ಮೇಲೆ ಯಾರದೋ ಕಣ್ಣು ಬಿದ್ದಿದೆ ಎಂದು ತಟ್ಟೆಯ ನೀರಿಗೆ ಎಣ್ಣೆ ಹನಿ ಬಿಟ್ಟು, ಬಾಯೊಳಗೇ ಏನೋ ಹೇಳಿಕೊಂಡು, ದೊಡ್ಡ ದೊಡ್ಡ ಆಕಳಿಕೆ ತೆಗೆದಳು.

"ನೋಡು ಪಾರ್ಥೆನಾ, ಹಾಕಿದ ಹನಿಯೆಲ್ಲ ಕರಗಿಹೋಯ್ತು. ಇದು ಕಣ್ಣಲ್ಲ ಕಣೇ, ಕೊಡಲಿ!" ಅಂದಳು ಅಮ್ಮನಿಗೆ.

ಅಮ್ಮ ಮುಖ ಸಪ್ಪೆ ಮಾಡಿಕೊಂಡಳು. ಲಾಜರೊಸ್ ಕೋಣೆಯಿಂದ ಹೊರಗೆ ಬರಲಿಲ್ಲ. ದೊಡ್ಡಮ್ಮ ಬಾಗಿಲಿಗೆ ಬಾಯಿಟ್ಟು ಕೂಗಿದಳು.

"ಲೋ, ಆ ಸಂತ ಲಾಜರೊಸ್ ದೇವರು ಕರೆದ್ರೆ ಗೋರಿಯಿಂದ ಎದ್ದು ಬಂದ. ನೀನು ಊಟಕ್ಕೆ ಕರೆದ್ರೂ ಬರಲ್ವಲ್ಲೋ!"

ಮೊದಲಾಗಿದ್ದರೆ ಅವನು ಇದಕ್ಕೆ ತಿರುಗಿ ಏನಾದರೂ ಅಂದು ಅವಳನ್ನು ನಗಿಸುತ್ತಿದ್ದ. ಈಗ ಒಳಗಿನಿಂದ ಮಂಚದ ಸದ್ದು ಮಾತ್ರ ಬಂತು. ಅವನ ಕಾಲಿನ ಒಳಗೆ ಸರಳು ಹಾಕಿದ್ದಾರೆ, ಊರುಗೋಲು ಹಿಡಿದು ನಡೆಯುತ್ತಾನೆ. ಎಲ್ಲಿಗೂ ನಡೆಯುವುದಿಲ್ಲ. ರಿಂಗ್ ರೋಡಿನ ಕಡೆಗಿರುವ ಕಿಟಕಿಯನ್ನು ತೆರೆಯಲು ಬಿಡುವುದಿಲ್ಲ.

ಸಂಜೆ ಟ್ಯೂಷನ್ ಕೇಂದ್ರದಲ್ಲಿ ಪಾಠವಿತ್ತು. ವಿದ್ಯಾರ್ಥಿಗಳು ಅರ್ಧ ಗಂಟೆ ತಡವಾಗಿ ಬಂದರು. "ಮಿಸ್, ರಿಂಗ್ ರೋಡ್" ಅಂದರು. ಥೆಸಲೊನೀಕಿಯಲ್ಲಿ ಈಗ ಅಷ್ಟು ಹೇಳಿದರೆ ಸಾಕು, ಯಾರೂ ಹೆಚ್ಚಿನ ಕಾರಣ ಕೇಳುವುದಿಲ್ಲ. ನಾನು ಸಾಹಿತ್ಯ ಓದಿದ್ದು ಇವರಿಗೆ ಪ್ರಬಂಧಕ್ಕೆ ಪೀಠಿಕೆ ಬರೆಯುವುದನ್ನು ಕಲಿಸಲು. ನನ್ನ ದನಿ ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲವೆಂದು ಮತ್ತೆ ದೂರು ಬಂತು.

ಫೆಬ್ರವರಿ 22, ಶನಿವಾರ

ಸತ್ತವರ ಶನಿವಾರ. ಬೆಳಗ್ಗೆಯಿಂದ ಚರ್ಚುಗಳ ಮುಂದೆಲ್ಲ ಸತ್ತವರ ಹೆಸರಲ್ಲಿ ಹಂಚುವ ಗೋಧಿ, ಕೋಲಿವಾದ ಚೀಲ ಹಿಡಿದ ಹೆಂಗಸರು.

ಕಾಡಿನ ಕಾಲುದಾರಿಯಿಂದ ಇಳಿಯುವಾಗಲೇ ಗುಡಿಯ ಮುಂದೆ ಒಬ್ಬರು ನಿಂತಿರುವುದು ಕಾಣಿಸಿತು. ಕಪ್ಪು ಕೋಟು, ಗಟ್ಟಿ ಬೂಟು. ತಿರುಗಿ ಹೋಗೋಣವೆಂದುಕೊಂಡೆ. ಅಷ್ಟರಲ್ಲಿ ಅವರು ನೋಡಿದರು.

"ನಿಧಾನ ಮಗಳೇ, ಕಲ್ಲು ಜಾರುತ್ತೆ."

ನನ್ನ ಕೈಯಲ್ಲಿದ್ದ ಎಣ್ಣೆ ಬಾಟಲಿಯನ್ನು ನೋಡಿದರು. ಆಮೇಲೆ ನನ್ನ ಮುಖವನ್ನು.

"ನೀನು ಆ ಹುಡುಗನ ಕಡೆಯವಳಾ?"

"ಅವನ ಅಕ್ಕ."

ಅವರು ಕೈಯಿಂದ ಬಾಯಿ ಮುಚ್ಚಿಕೊಂಡರು. ಮರುಕ್ಷಣ ನನ್ನನ್ನು ತಬ್ಬಿಕೊಂಡಿದ್ದರು. "ನೀವು ಬದುಕಿ ಬಾಳಿ, ಅವನನ್ನ ನೆನೀತಿರಿ ಮಗಳೇ" ಅಂದರು. ಸಾವಿನ ಮನೆಯವರಿಗೆ ಹೇಳುವ ಮಾತು ಅದು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ನನ್ನ ತಲೆ ಅವರ ಭುಜದ ಮೇಲಿತ್ತು, ಕೋಟಿನಿಂದ ದಾಲ್ಚಿನ್ನಿಯ ವಾಸನೆ ಬರುತ್ತಿತ್ತು. ನಾನು ತಲೆ ಎತ್ತಲಿಲ್ಲ.

ಹೆಸರು ಎಲ್ಪಿನಿಕಿ. ಫೋಟೋದಲ್ಲಿರುವ ಪ್ರೊಡ್ರೊಮೊಸ್ ಅವರ ಗಂಡ.

"ಆಸ್ಪತ್ರೆಗೆ ಫೋನ್ ಮಾಡ್ತಾನೇ ಇದ್ದೆ. ಸಂಬಂಧಿಕರಿಗೆ ಮಾತ್ರ ಹೇಳ್ತೀವಿ ಅಂದ್ರು. ಆಮೇಲೆ ಒಂದಿನ ಬಸ್ಸಲ್ಲಿ ಹೋಗ್ತಾ ಈ ಗುಡಿ ಕಾಣಿಸ್ತು. ಅಲ್ಲೇ ಕೂತಲ್ಲೇ ಗೊತ್ತಾಯ್ತು, ಹುಡುಗನೂ ಹೋದ ಅಂತ. ಒಳಗಿರೋ ಪಟ ನೋಡಿ ಹೆಸರೂ ತಿಳ್ಕೊಂಡೆ. ಲಾಜರೊಸ್ ಅಲ್ವಾ?"

"ಹೌದು."

"ನಮ್ಮವರ ಫೋಟೋ ಇಟ್ಟಿದ್ದಕ್ಕೆ ಕೋಪ ಇಲ್ಲ ತಾನೇ? ಬೇರೆ ಗುಡಿ ನಿಲ್ಲಿಸೋಕೆ ಮುಖ ಇರ್ಲಿಲ್ಲ ನನಗೆ. ಗಾಡಿ ಓಡಿಸ್ತಾ ನಿದ್ದೆ ಹೋಗಿದ್ರು ಅಂತ ಪೊಲೀಸರು ಹೇಳಿದ್ರು. ಬಿಳಿ ಗೆರೆ ದಾಟಿ ಹುಡುಗನ್ನ ಬೀಳಿಸಿದ್ರಂತೆ." ಅವರು ಲಾರಿಗಳ ಕಡೆ ನೋಡುತ್ತ ಹೇಳಿದರು. "ಇರುವೆ ಮೇಲೆ ಕಾಲಿಡದ ಮನುಷ್ಯ. ಸಾಯೋ ಹೊತ್ತಲ್ಲಿ ನಿಮ್ಮ ಹುಡುಗನ್ನೂ ಕರ್ಕೊಂಡು ಹೋಗಿಬಿಟ್ರು."

ನಾನು ಹೇಳಬಹುದಿತ್ತು. ಅವನು ಈಗ ಮನೆಯಲ್ಲಿ ಮಲಗಿದ್ದಾನೆ, ಕಾಫಿ ಆರಿಹೋಗಿದೆ ಎಂದು ಗೊಣಗುತ್ತಿರಬಹುದು ಎಂದು. ಬಾಯಿ ತೆರೆದೆ. "ಚಳಿ ಇದೆ" ಅಂದೆ.

"ಪಾದ್ರಿಗೆ ಇಬ್ಬರ ಹೆಸರೂ ಕೊಟ್ಟಿದ್ದೀನಿ. ಇವತ್ತು ಒಟ್ಟಿಗೇ ಓದಿದ್ರು. ತಗೋ, ಇದು ಇಬ್ಬರದೂ." ನನ್ನ ಕೈಗೆ ಕೋಲಿವಾದ ಚೀಲ ಇಟ್ಟರು. ಬೇಯಿಸಿದ ಗೋಧಿ ಇನ್ನೂ ಸ್ವಲ್ಪ ಬೆಚ್ಚಗಿತ್ತು.

ನಾಲ್ಕು ತಿಂಗಳಿನಿಂದ ಎಲ್ಲರೂ ನನಗೆ ಒಂದೇ ಮಾತು ಹೇಳಿದ್ದಾರೆ: ದೇವರು ದೊಡ್ಡವನು, ಹುಡುಗ ಉಳಿದ. ಯಾರೂ ತಬ್ಬಿಕೊಂಡಿರಲಿಲ್ಲ. ತಬ್ಬಿಕೊಳ್ಳುವಂಥದ್ದೇನೂ ಆಗಿರಲಿಲ್ಲವಲ್ಲ.

ಫೆಬ್ರವರಿ 23, ಭಾನುವಾರ

ಎದ್ದಾಗ ಲಾಜರೊಸ್ ಅಡುಗೆಮನೆಯಲ್ಲಿ ಊರುಗೋಲಿಗೆ ಒರಗಿ ನಿಂತು ಚೀಲದಿಂದಲೇ ಕೋಲಿವಾ ತಿನ್ನುತ್ತಿದ್ದ. ನಾನು ಅದನ್ನು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ.

"ಯಾರು ಸತ್ತಿದ್ದು?"

"ಆ ವ್ಯಾನಿನವರು. ಅವರ ಹೆಂಡತಿ ಸಿಕ್ಕಿದ್ರು, ಕೊಟ್ರು."

ಚಮಚ ಅರ್ಧದಲ್ಲಿ ನಿಂತಿತು. "ಮತ್ತೆ?"

"ಮತ್ತೆ ನೀನು."

"ನಾನಾ?"

"ಗುಡಿ ನೋಡಿ ನೀನೂ ಹೋದೆ ಅಂತ ತಿಳ್ಕೊಂಡಿದ್ದಾರೆ. ಚರ್ಚಲ್ಲಿ ನಿಮ್ಮಿಬ್ಬರ ಹೆಸರೂ ಓದಿಸಿದ್ದಾರೆ."

ಅವನು ಚೀಲದೊಳಗೆ ಇಣುಕಿದ. ಆಮೇಲೆ ನಕ್ಕ. ಅಕ್ಟೋಬರಿನಿಂದ ಈಚೆಗೆ ನಾನು ಕೇಳಿದ ಮೊದಲ ನಗು.

"ಪರವಾಗಿಲ್ಲ, ದಾಳಿಂಬೆ ಧಾರಾಳವಾಗಿ ಹಾಕಿದ್ದಾರೆ. ಅಮ್ಮ ಆಗಿದ್ರೆ ನನ್ನನ್ನ ಒಣದ್ರಾಕ್ಷೀಲೇ ಮುಗಿಸಿಬಿಡ್ತಿದ್ಲು."

ಮತ್ತೊಂದು ಚಮಚ ತಿಂದ. ನಿಧಾನವಾಗಿ ಅಗಿದ. ಅಗಿಯುತ್ತಿದ್ದಂತೆ ಮುಖ ಬದಲಾಯಿತು. ಚೀಲದ ಬಾಯಿ ಮಡಚಿ ಮೇಜಿನ ಮೇಲಿಟ್ಟ.

"ನೀನು ಹೇಳಲಿಲ್ವಾ, ಬದುಕಿದ್ದಾನೆ ಅಂತ?"

"ಇಲ್ಲ."

"ಹೇಳ್ಬೇಡ" ಅಂದ. ಊರುಗೋಲು ಟಕ್ ಟಕ್ ಎಂದು ಕೋಣೆಯ ಕಡೆ ಹೋಯಿತು.

ಮಾರ್ಚ್ 3, ಸೋಮವಾರ

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಶುರು. ಎದುರಿನ ತಾರಸಿಯಲ್ಲಿ ಮಕ್ಕಳು ಗಾಳಿಪಟ ಹಾರಿಸಿದರು. ಒಂದು ತಂತಿಗೆ ಸಿಕ್ಕಿಕೊಂಡಿತು. ದಿನವೆಲ್ಲ ಅದನ್ನು ನೋಡಿದೆ.

ಮಾರ್ಚ್ 8, ಶನಿವಾರ

ಎಲ್ಪಿನಿಕಿ ಥರ್ಮಾಸಿನಲ್ಲಿ ಚಹಾ ತಂದಿದ್ದರು, ಬೆಟ್ಟದ ಸೊಪ್ಪಿನದು. ಹೋದ ಶನಿವಾರವೂ ತಂದಿದ್ದರು. ಗುಡಿಯ ಹಿಂದಿನ ಬಂಡೆಯ ಮೇಲೆ ಇಬ್ಬರೂ ಕುಳಿತೆವು. ದೀಪದ ಒಂದು ಬದಿ ಅವರ ಬತ್ತಿ, ಇನ್ನೊಂದು ಬದಿ ನನ್ನದು.

"ಹೇಗಿದ್ದ ನಿಮ್ಮ ಹುಡುಗ?" ಎಂದು ಕೇಳಿದರು.

ಹೇಳಿದೆ. ಮೆಟ್ಟಿಲು ಹತ್ತುವಾಗಲೇ ಶಿಳ್ಳೆ ಹಾಕುತ್ತಿದ್ದ, ಯಾವ ಮಹಡಿಗೆ ಬಂದನೆಂದು ಅದರಿಂದಲೇ ತಿಳಿಯುತ್ತಿತ್ತು. ಪಾರ್ಸೆಲ್ ಕೊಡಲು ಹೋದಲ್ಲೆಲ್ಲ ಅಜ್ಜಿಯರು ಅವನ ಜೇಬಿಗೆ ಮಿಠಾಯಿ ತುರುಕುತ್ತಿದ್ದರು, ಜಾಕೆಟ್ಟಿನ ಒಳಗೆಲ್ಲ ಅಂಟು. ನಾನು ಪದವಿ ಸಮಾರಂಭದಲ್ಲಿ ವೇದಿಕೆ ಹತ್ತಲು ಹೆದರಿ ನಿಂತಾಗ ಹಿಂದಿನಿಂದ "ಓಡೇ ಕುರಿಮರಿ!" ಎಂದು ಇಡೀ ಸಭಾಂಗಣಕ್ಕೆ ಕೇಳಿಸುವಂತೆ ಕೂಗಿದ್ದ. ನಾನು ಓಡಿದ್ದೆ. ಎಲ್ಪಿನಿಕಿ ಚಹಾ ಚೆಲ್ಲುವಷ್ಟು ನಕ್ಕರು.

ಎಲ್ಲವನ್ನೂ ಇದ್ದ, ಮಾಡುತ್ತಿದ್ದ, ಅನ್ನುತ್ತಿದ್ದ ಎಂದೇ ಹೇಳಿದೆ. ಅದಕ್ಕಾಗಿ ಪ್ರಯತ್ನವನ್ನೇನೂ ಪಡಬೇಕಾಗಲಿಲ್ಲ. ಒಂದೂ ಸುಳ್ಳಲ್ಲ.

ಅವರೂ ಹೇಳಿದರು. ಪ್ರೊಡ್ರೊಮೊಸ್ ಊರಿನ ಪ್ರತಿ ಬೀದಿಯಲ್ಲೂ ತಲೆ ಎತ್ತಿಕೊಂಡೇ ನಡೆಯುತ್ತಿದ್ದರಂತೆ, ತಾನು ಕಟ್ಟಿದ ಪರದೆಗಳನ್ನು ನೋಡುತ್ತ. "ಮದುವೆಯಾದ ಹೊಸದರಲ್ಲಿ ಬೇರೆ ಹೆಂಗಸರನ್ನ ನೋಡ್ತಾರೆ ಅಂತ ಜಗಳ ಆಡಿದ್ದೆ. ಆಮೇಲೆ ಗೊತ್ತಾಯ್ತು, ಈ ಮಾರಾಯ ನೋಡೋದು ಬಟ್ಟೆ ಹೊಲಿಗೇನ ಅಂತ!"

ಇಳಿದು ಬರುವಾಗ ಹಸಿವಾಗಿತ್ತು. ಮೂಲೆಯ ಬೇಕರಿಯಲ್ಲಿ ಎಳ್ಳಿನ ಬಳೆರೊಟ್ಟಿ ಕೊಂಡು ನಡೆಯುತ್ತಲೇ ತಿಂದೆ.

ಮಾರ್ಚ್ 12, ಬುಧವಾರ

ಶನಿವಾರಕ್ಕೆ ಇನ್ನೂ ಎರಡು ದಿನ ಮಧ್ಯೆ ಇವೆ.

ಮಾರ್ಚ್ 25, ಮಂಗಳವಾರ

ರಾಷ್ಟ್ರೀಯ ಹಬ್ಬದ ರಜೆ. ಟೀವಿಯಲ್ಲಿ ಮೆರವಣಿಗೆ, ಕಟ್ಟಡದ ತುಂಬ ಕರಿದ ಮೀನು ಮತ್ತು ಬೆಳ್ಳುಳ್ಳಿಯ ವಾಸನೆ. ಹೊಗೆ ತಾಳಲಾರದೆ ಲಾಜರೊಸ್ ಬಾಲ್ಕನಿಗೆ ಬಂದ. ನಾನು ಅಲ್ಲಿ ಪ್ರಬಂಧ ತಿದ್ದುತ್ತಿದ್ದೆ. ರಜೆಯಾದ್ದರಿಂದ ಮೇಲಿನ ರಸ್ತೆಯ ಸದ್ದು ಕಡಿಮೆಯಿತ್ತು.

"ಈಗಲೂ ಹೋಗ್ತೀಯ?"

"ಶನಿವಾರ ಹೋಗ್ತೀನಿ."

"ಏನಂತಾರೆ ಅವರು?"

"ಗಂಡ ನಿದ್ದೆ ಹೋಗಿ ನಿನ್ನನ್ನ ಕೊಂದ್ರು ಅಂತ ಕೊರಗ್ತಾರೆ. ದೀಪ ಹಚ್ಚುವಾಗ ನಿನ್ನ ಹೆಸರು ಹೇಳಿ ಕ್ಷಮೆ ಕೇಳ್ತಾರೆ."

ಅವನು ಊರುಗೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕುಳಿತ. ಆಮೇಲೆ ತನ್ನ ಬೂಟಿಗೆ ಹೇಳುವವನಂತೆ ಹೇಳಿದ.

"ಅವರು ನಿದ್ದೆ ಹೋಗಿರ್ಲಿಲ್ಲ."

ನಾನು ಪೆನ್ನು ಕೆಳಗಿಟ್ಟೆ.

"ಲಾರಿಗೂ ವ್ಯಾನಿಗೂ ಮಧ್ಯೆ ನುಗ್ಗಿದೆ. ಜಾಗ ಇದೆ ಅಂದ್ಕೊಂಡೆ. ಇರ್ಲಿಲ್ಲ. ಕನ್ನಡಿ ತಾಗಿ ಬಿದ್ದೆ, ಅವರ ಚಕ್ರದ ಮುಂದಕ್ಕೇ. ಅವರು ನನ್ನನ್ನೇ ನೋಡ್ತಿದ್ರು ಅನತೋಲಿ. ಕಣ್ಣು ಇಷ್ಟಗಲ ತೆರೆದಿತ್ತು. ನೋಡ್ತಾ ನೋಡ್ತಾನೇ ಸ್ಟಿಯರಿಂಗ್ ಎಳೆದ್ರು, ಗೋಡೆ ಕಡೆಗೆ."

"ಪೊಲೀಸರಿಗೆ ಏನು ಹೇಳ್ದೆ?"

"ನೆನಪಿಲ್ಲ ಅಂದೆ."

"ಮೀನು ಆರ್ತಿದೆ, ಇಬ್ಬರೂ ಬನ್ನಿ!" ಎಂದು ಅಮ್ಮ ಒಳಗಿನಿಂದ ಕೂಗಿದಳು. ಹೋಗಿ ತಿಂದೆವು. ಬೆಳ್ಳುಳ್ಳಿ ಖಾರವಾಗಿತ್ತು, ಮೂವರ ಕಣ್ಣಲ್ಲೂ ನೀರು ಬಂತು.

ಮಾರ್ಚ್ 29, ಶನಿವಾರ

ಗುಡಿಯ ಬಳಿ ಕಿತ್ತಳೆ ಜಾಕೆಟ್ಟಿನ ಮೇಸ್ತ್ರಿ ಕಾಯುತ್ತಿದ್ದ. ಹೆಸರು ಸಾಕಿಸ್.

"ಇಲ್ಲಿ ಕಂಬದ ಗುಂಡಿ ತೋಡ್ಬೇಕು. ಈಸ್ಟರ್ ಒಳಗೆ ಇದನ್ನ ತೆಗೀಬೇಕಮ್ಮ. ನಾವೇ ತೆಗೀಬಹುದು, ಆದ್ರೆ ನಮ್ಮ ಹುಡುಗರು ಯಾರೂ ಮುಟ್ಟಲ್ಲ. ಮನೆಯವರು ಬಂದು ಎದುರು ನಿಲ್ಲಲಿ, ಆಮೇಲೆ ಕೀಳ್ತೀವಿ ಅಂತಾರೆ. ಯಾರದು ಇದು? ನಿಮ್ಮದಾ, ಇವರದಾ?"

"ಇಬ್ಬರದೂ" ಎಂದರು ಎಲ್ಪಿನಿಕಿ.

ಸಾಕಿಸ್ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ. "ಹಾಗಾದ್ರೆ ಇಬ್ಬರೂ ಜಗಳ ಆಡದೆ ಒಂದು ವಿಳಾಸ ಕೊಡಿ. ನಾನೇ ಪಿಕಪ್‌ನಲ್ಲಿ ತಂದು ಇಳಿಸ್ತೀನಿ."

ಅವನು ಹೋದ ಮೇಲೆ ಎಲ್ಪಿನಿಕಿ ನನ್ನ ಕೈ ಹಿಡಿದುಕೊಂಡರು.

"ನಿಮ್ಮ ಮನೇಗೇ ಹೋಗ್ಲಿ. ನಿಮ್ಮಮ್ಮ ಹರಕೆ ಹೊತ್ತು ನಿಲ್ಲಿಸಿದ್ದು. ಆದ್ರೆ ನಾನೂ ಒಂದ್ಸಲ ಬರ್ತೀನಿ ಮಗಳೇ. ಆ ತಾಯಿ ಮುಂದೆ ಮಂಡಿಯೂರಿ ಕೇಳ್ಬೇಕು. ನನ್ನ ಗಂಡನ್ನ ಕ್ಷಮಿಸಿ ಅಂತ. ಅಲ್ಲೀವರೆಗೂ ನಮ್ಮವರಿಗೂ ನೆಮ್ಮದಿ ಇಲ್ಲ, ನನಗೂ ಇಲ್ಲ."

"ಬೇಡ" ಅಂದೆ.

"ಯಾಕೆ? ಬೈತಾರಾ? ಬೈಲಿ ಬಿಡು. ಹೊಡೆದ್ರೂ ಹೊಡೀಲಿ."

ನಾನು ಥರ್ಮಾಸಿನ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದೆ. ಅದು ಆಗಲೇ ಮುಚ್ಚಿತ್ತು.

ಏಪ್ರಿಲ್ 5, ಶನಿವಾರ

ಹೇಳಿದೆ. ಅರ್ಧ ಹೇಳಿದೆ.

ಅವರು ಒಂದು ಪೊಟ್ಟಣ ತಂದಿದ್ದರು. ಅಮ್ಮನಿಗಾಗಿ ತಾವೇ ಕಸೂತಿ ಹಾಕಿದ ಮೇಜಿನ ಬಟ್ಟೆ. "ಬರಿಗೈಲಿ ಹೇಗೆ ಬರ್ಲಿ" ಅಂದರು. ಆಗ ನಾನು, "ಅಮ್ಮಾ, ಅವನು ಬದುಕಿದ್ದಾನೆ" ಅಂದೆ. ಸಿಮೆಂಟ್ ಮಿಕ್ಸರ್ ಹೊತ್ತ ಲಾರಿ ಆಗಲೇ ಹೋಗಬೇಕೇ. ಅವರಿಗೆ ಏನೂ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಅದರ ಹಿಂದೆಯೇ ಇನ್ನೊಂದು ಲಾರಿ ಇತ್ತು.

"ಲಾಜರೊಸ್ ಸತ್ತಿಲ್ಲ! ಬದುಕಿದ್ದಾನೆ! ಮನೇಲಿದ್ದಾನೆ!"

ಅಷ್ಟು ಗಟ್ಟಿಯಾಗಿ ನಾನು ಹುಟ್ಟಿದ ಮೇಲೆ ಕೂಗಿರಲಿಲ್ಲ. ರಸ್ತೆಯಾಚೆಯ ಕೆಲಸದವರು ಕೂಡ ತಿರುಗಿ ನೋಡಿದರು.

ಎಲ್ಪಿನಿಕಿ ರಸ್ತೆ ಬದಿಯ ಕಬ್ಬಿಣದ ತಡೆಪಟ್ಟಿಯ ಮೇಲೆ ಕುಳಿತುಬಿಟ್ಟರು.

"ಬದುಕಿದ್ದಾನಾ?"

"ಹೂಂ."

"ನಡೀತಾನಾ?"

"ಊರುಗೋಲು ಹಿಡಿದು."

"ಊಟ ಮಾಡ್ತಾನಾ?"

"ಸ್ವಲ್ಪ. ನೀವು ಕೊಟ್ಟ ಕೋಲಿವಾ ತಿಂದ."

ಬೈಯುತ್ತಾರೆಂದು ಕಾದೆ. ಬೈಯಬೇಕಿತ್ತು. ಅವರು ಎದ್ದು ಕೈಚೀಲದಿಂದ ನನ್ನ ಹೆಗಲಿಗೆ ಒಂದು ಬಾರಿಸಿದರು. ಆಮೇಲೆ ಇನ್ನೊಂದು.

"ಹುಚ್ಚು ಹುಡುಗಿ! ಬದುಕಿರೋ ಹುಡುಗನ ಹೆಸರಲ್ಲಿ ಗೋಧಿ ಬೇಯಿಸಿ ಹಂಚಿಬಿಟ್ನಲ್ಲೇ! ಏನು ಪಾಪ ಕಟ್ಕೊಂಡೆ ನಾನು!" ಅಳುತ್ತಿದ್ದರು, ನಗುತ್ತಲೂ ಇದ್ದರು. ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟರು. ಗುಡಿಯ ಬಾಗಿಲು ತೆಗೆದು ಫೋಟೋವನ್ನು ಕೈಗೆತ್ತಿಕೊಂಡರು.

"ಕೇಳಿದ್ರಾ? ಹುಡುಗ ಬದುಕಿದ್ದಾನಂತೆ. ನೀವು ಯಾರನ್ನೂ ಕೊಂದಿಲ್ಲ. ಇನ್ನಾದ್ರೂ ಮಲಗಿ ಮಾರಾಯ್ರೇ."

ಆಗಲೇ ಉಳಿದ ಅರ್ಧವನ್ನೂ ಹೇಳಬೇಕಿತ್ತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕಪ್ಪು ಕೋಟಿನ ಮೇಲೆ ಅಷ್ಟು ಎಳೆಯ ಮುಖ ಅದುವರೆಗೂ ಇರಲಿಲ್ಲ.

"ಮುಂದಿನ ಶನಿವಾರ ಅವನ ಹೆಸರಿನ ಸಂತನ ಹಬ್ಬ ಅಲ್ವಾ! ಬೆಳಗ್ಗೆ ಹತ್ತೂವರೆ ಬಸ್ಸಿಗೆ ಬರ್ತೀನಿ. ಎಷ್ಟೇ ಅಂದ್ರೂ ನಮ್ಮವರು ಅವನ ಕಾಲು ಮುರಿದ್ರು. ಕ್ಷಮೆ ಅವನನ್ನೇ ಕೇಳ್ತೀನಿ, ಎದುರಿಗೆ ಕೂತು."

ವಿಳಾಸ ಕೊಟ್ಟೆ.

ಏಪ್ರಿಲ್ 7, ಸೋಮವಾರ

ಶೀತವಿರಬೇಕು. ಎದೆಯೊಳಗೆ ಏನೋ ಒತ್ತಿದ ಹಾಗಿದೆ, ಕಣ್ಣು ಸುಮ್ಮಸುಮ್ಮನೆ ತುಂಬುತ್ತದೆ. ಅಮ್ಮ ಥರ್ಮಾಮೀಟರ್ ಕೊಟ್ಟಳು. ಜ್ವರ ಇಲ್ಲ.

ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ "ಮಿಸ್, ಇಷ್ಟು ಗಟ್ಟಿಯಾಗಿ ಯಾಕೆ ಬೈತೀರ" ಅಂದ. ನಾನು ಬೈದಿರಲಿಲ್ಲ, ಪಾಠ ಮಾಡುತ್ತಿದ್ದೆ.

ಏಪ್ರಿಲ್ 9, ಬುಧವಾರ

ಬೆಳಗ್ಗೆ ರಿಂಗ್ ರೋಡಿನ ಬದಿಯಲ್ಲಿ ನಿಂತಿದ್ದೆ. ಬೋಲ್ಟು ಬಿಚ್ಚುವ ಮೊದಲು ಇಬ್ಬರು ಕೆಲಸದವರೂ ಶಿಲುಬೆಯ ಗುರುತು ಮಾಡಿಕೊಂಡರು. ದೀಪ ಆರಿಸಲು ಒಪ್ಪಲಿಲ್ಲ. ಹಾಗಾಗಿ ಪಿಕಪ್ಪಿನಲ್ಲಿ ಉರಿಯುವ ದೀಪವನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕುಳಿತೆ. ಇಳಿಜಾರಿನುದ್ದಕ್ಕೂ ಸಾಕಿಸ್ ಎತ್ತಿನಗಾಡಿಯಂತೆ ಓಡಿಸಿದ. ಹಿಂದಿನ ಕಾರುಗಳೆಲ್ಲ ಹಾರನ್ ಬಾರಿಸಿದವು. "ಬಾರಿಸ್ರೋ ಬಾರಿಸಿ, ಸಂತರು ಹೋಗ್ತಿದ್ದಾರೆ!" ಎಂದು ಕಿಟಕಿಯಿಂದ ಕೂಗಿದ.

ಗುಡಿ ಈಗ ಬಾಲ್ಕನಿಯಲ್ಲಿ ತುಳಸಿ ಕುಂಡಗಳ ಮಧ್ಯೆ ನಿಂತಿದೆ. ಅಮ್ಮ ಬಟ್ಟೆ ಹಿಡಿದು ಒರೆಸಲು ಬಂದಳು. ಫೋಟೋ ಕಂಡು ಕೈ ನಿಂತಿತು.

"ಯಾರಿದು?"

"ಪ್ರೊಡ್ರೊಮೊಸ್ ಅಂತ. ವ್ಯಾನಿನವರು."

ಅಮ್ಮ ಕುಳಿತಳು. ನಾನು ಎಲ್ಲವನ್ನೂ ಹೇಳಿದೆ, ಎಲ್ಪಿನಿಕಿ ಈ ಶನಿವಾರ ಬರುವುದನ್ನೂ. ಲಾಜರೊಸ್ ನನಗೆ ಹೇಳಿದ್ದನ್ನು ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ.

"ನಿನಗೆ ಗೊತ್ತಿತ್ತು" ಅಂದೆ.

"ಗಂಟಲಿಂದ ಕೊಳವೆ ತೆಗೆದ ದಿನ ಅವನು ಆಡಿದ ಮೊದಲನೇ ಮಾತೇ ಅದು. ಅವರು ನನ್ನನ್ನ ನೋಡ್ತಿದ್ರು ಅಮ್ಮ ಅಂದ. ಸುಮ್ನಿರು ಅಂದೆ. ಇನ್ಯಾವತ್ತೂ ಬಾಯಿ ಬಿಡ್ಬೇಡ ಅಂದೆ." ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು. "ಬೇರೆ ಯಾವ ತಾಯಿ ಏನು ಹೇಳ್ತಿದ್ಲು ಹೇಳು ನೋಡೋಣ."

"ಆ ಹೆಂಗಸು ನಮ್ಮನೆಗೆ ಬಂದು ಅವನ ಹತ್ರ ಕ್ಷಮೆ ಕೇಳ್ತಾರೆ ಅಮ್ಮ."

"ಬರ್ಲಿ. ಕಾಫಿ ಕೊಡ್ತೀನಿ, ಸಿಹಿ ಕೊಡ್ತೀನಿ, ಬಾಗಿಲವರೆಗೂ ಹೋಗಿ ಕಳಿಸಿಕೊಡ್ತೀನಿ. ಹುಡುಗ ಉಳಿದಿದ್ದಾನೆ ಅಂತ ಸಂತೋಷಪಟ್ರು ಅಂದ್ಯಲ್ಲ? ಆ ಸಂತೋಷ ಇರ್ಲಿ ಅವರಿಗೆ. ನಿನ್ನ ಸತ್ಯ ಕೇಳಿ ಗಂಡ ಎದ್ದು ಬರ್ತಾನಾ? ಇವನನ್ನ ಕೋರ್ಟಿಗೆ ಎಳೀತಾರೆ, ಅಷ್ಟೇ."

ಎದ್ದು ಫೋಟೋವನ್ನು ಸೆರಗಿನಂತೆ ಇಳಿಬಿದ್ದಿದ್ದ ಏಪ್ರನ್ನಿನ ತುದಿಯಿಂದ ಒರೆಸಿ, ಇದ್ದಲ್ಲೇ ಇಟ್ಟಳು. "ಲಕ್ಷಣವಾಗಿದ್ರು" ಅಂದಳು. ಒಳಗೆ ಹೋಗಿ ನಲ್ಲಿ ಬಿಟ್ಟಳು. ನೀರು ಬಹಳ ಹೊತ್ತು ಸುರಿಯಿತು, ಪಾತ್ರೆಯ ಸದ್ದು ಬರಲಿಲ್ಲ.

ಏಪ್ರಿಲ್ 11, ಶುಕ್ರವಾರ

ಮನೆಯ ತುಂಬ ದಾಲ್ಚಿನ್ನಿ, ಲವಂಗದ ವಾಸನೆ. ಅಮ್ಮ ನಾಳೆಯ ಹಬ್ಬಕ್ಕೆ ಕೈಕಟ್ಟಿ ಮಲಗಿದ ಮನುಷ್ಯನ ಆಕಾರದ ಪುಟ್ಟ ರೊಟ್ಟಿಗಳನ್ನು ಸುಟ್ಟಿದ್ದಾಳೆ, ಕಣ್ಣಿನ ಜಾಗದಲ್ಲಿ ಲವಂಗ ಚುಚ್ಚಿ. ದೊಡ್ಡಮ್ಮ ಬಂದು ಕುರ್ಚಿಗಳನ್ನು ಸಾಲಾಗಿ ಇಟ್ಟು ಹೋದಳು. ಬಿಳಿ ಮೇಜಿನ ಮೇಲೆ ಏನೂ ಹಾಸಿಲ್ಲ. ಎಲ್ಪಿನಿಕಿ ಕಸೂತಿಯ ಬಟ್ಟೆ ತರುತ್ತಾರೆಂದು ನಾನು ಅಮ್ಮನಿಗೆ ಹೇಳಿದ್ದು ತಪ್ಪಾಯಿತು. ಅವಳು ಜಾಗ ಬಿಟ್ಟಿದ್ದಾಳೆ.

ಮಧ್ಯಾಹ್ನ ಲಾಜರೊಸ್‌ನ ಕೋಣೆಗೆ ಹೋದೆ. ಗಡ್ಡ ಬೋಳಿಸಿಕೊಂಡಿದ್ದ. ಅಮ್ಮ ಇಸ್ತ್ರಿ ಮಾಡಿದ ಷರಟು ಬಾಗಿಲ ಹಿಂದೆ ನೇತಾಡುತ್ತಿತ್ತು.

"ನಾಳೆ ಅವರು ಕ್ಷಮೆ ಕೇಳಿದಾಗ ಏನು ಹೇಳ್ತೀಯ?"

"ನೆನಪಿಲ್ಲ ಅಂತೀನಿ."

"ಆಮೇಲೆ?"

"ಪರವಾಗಿಲ್ಲ ಅಂತೀನಿ."

"ಅವರ ಗಂಡ ನಿನ್ನ ಕಾಲು ಮುರಿದಿದ್ದಕ್ಕೆ ಪರವಾಗಿಲ್ಲ ಅಂತೀಯ."

ಅವನು ನನ್ನನ್ನು ನೋಡಿದ. ಸಿಟ್ಟು ಬರುತ್ತದೆಂದುಕೊಂಡೆ. "ನೀನು ಮೊದಲು ಹೀಗೆಲ್ಲ ಕೇಳ್ತಿರ್ಲಿಲ್ಲ" ಅಂದ ಅಷ್ಟೆ. ಗೋಡೆಯ ಕಡೆ ತಿರುಗಿ ಮಲಗಿದ. ಸ್ವಲ್ಪ ಹೊತ್ತಾದ ಮೇಲೆ ಅವನ ಬೆನ್ನು ಅಲುಗತೊಡಗಿತು. ಮಂಚದ ತುದಿಯಲ್ಲಿ ಕುಳಿತು, ಸರಳು ಹಾಕದ ಕಾಲನ್ನು ಹಿಡಿದುಕೊಂಡೆ. ಅವನು ಕಾಲು ಎಳೆದುಕೊಳ್ಳಲಿಲ್ಲ.

"ನನ್ನ ಕೈಲಿ ಹೇಳೋಕಾಗಲ್ಲ ಅನತೋಲಿ. ಅವರ ಮುಖ ನೋಡ್ಕೊಂಡು ಆಗಲ್ಲ."

"ಗೊತ್ತು" ಅಂದೆ.

ಅವನು ನಾಳೆಯೂ ಹೇಳಲಾರ. ಅಮ್ಮ ಹೇಳಲು ಬಿಡುವುದಿಲ್ಲ. ಪೊಲೀಸರು, ಕೋರ್ಟು, ಅಮ್ಮ ಹೆದರುವುದೆಲ್ಲ ನಿಜವಾಗಿಯೂ ಬರಬಹುದು. ಎಲ್ಪಿನಿಕಿ ಮತ್ತೆಂದೂ ನನ್ನ ಮುಖ ನೋಡದೆಯೂ ಇರಬಹುದು. ಇದನ್ನು ಬರೆಯುವಾಗ ಅಕ್ಷರ ಸೊಟ್ಟಗಾಗುತ್ತಿದೆ. ಊಟ ತಡವಾದದ್ದಕ್ಕೆ ಇರಬೇಕು.

ಅವರ ಬಸ್ಸು ಚರ್ಚಿನ ಎದುರು ನಿಲ್ಲುತ್ತದೆ. ನಾನು ಸ್ವಲ್ಪ ಮೊದಲೇ ಹೋಗಿ ಅಲ್ಲಿ ನಿಲ್ಲುತ್ತೇನೆ. ಅಮ್ಮ ಬಾಗಿಲು ತೆಗೆಯುವ ಮೊದಲು, ಅವರು ನನ್ನ ತಮ್ಮನ ಮುಂದೆ ತಲೆ ಬಗ್ಗಿಸುವ ಮೊದಲು, ಅವರ ಗಂಡ ಎಚ್ಚರವಾಗಿದ್ದರೆಂದು, ತಮ್ಮನನ್ನು ಉಳಿಸಲು ಗೋಡೆಯ ಕಡೆಗೆ ತಿರುಗಿಸಿದ್ದು ಅವರೇ ಎಂದು ಹೇಳುತ್ತೇನೆ. ಆಮೇಲೆ ನಮ್ಮ ಮೆಟ್ಟಿಲು ಹತ್ತುವುದೋ, ಮುಂದಿನ ಬಸ್ಸಿಗೆ ಹಿಂತಿರುಗುವುದೋ, ಅವರಿಗೆ ಬಿಟ್ಟದ್ದು.